ನೀಲಾಳ ಗ್ಯಾರೇಜು

ದೊಡವಾಡ,
ಗುರುವಾರ, 9 ಅಕ್ಟೋಬರ್ 2025

ಪ್ರೀತಿಯ ಮಗನೇ ವಿರೂಪಾಕ್ಷಾ,

ಹೇಗಿದ್ದೀಯಪ್ಪಾ? ಬಂದರಿನ ಉಪ್ಪುಗಾಳಿಗೆ ಹತ್ತಿಕೊಂಡ ಕೆಮ್ಮು ಬಿಟ್ಟಿತೋ ಇಲ್ಲವೋ? ದಿನವಿಡೀ ಅಷ್ಟೆತ್ತರದ ಕ್ರೇನಿನಲ್ಲಿ ಕೂರುವವನು ಹೊಟ್ಟೆಗೆ ಸರಿಯಾಗಿ ತಿನ್ನಬೇಕು. ಅಲ್ಲಿಯ ಬೇಳೆಸಾರು ಸಿಹಿ ಎಂದು ಗೊಣಗುತ್ತಿದ್ದೆಯಲ್ಲ, ನಾನು ಕಳಿಸಿದ ಶೇಂಗಾ ಚಟ್ನಿ ಮುಗಿದಿದ್ದರೆ ಹೇಳು, ಮತ್ತೆ ಕುಟ್ಟಿ ಕಳಿಸುತ್ತೇನೆ. ಇಲ್ಲಿ ನಾನು ಆರಾಮಾಗಿದ್ದೇನೆ. ಮೊಣಕಾಲು ಮಾತ್ರ ಮೋಡ ಕವಿದ ದಿನ ತನ್ನ ಹಠ ಬಿಡುವುದಿಲ್ಲ. ನನ್ನ ಸೊಸೆ ನೀಲಾನೂ ಆರಾಮಾಗಿದ್ದಾಳೆ ಎಂದು ಬರೆಯಬಹುದಿತ್ತು, ಆದರೆ ಸುಳ್ಳು ಬರೆದು ನನಗೆ ರೂಢಿಯಿಲ್ಲ. ಆ ಸುದ್ದಿಗೇ ಬರುತ್ತೇನೆ, ತಡಿ.

ಕೈಯಲ್ಲಿ ಫೋನು ಇರುವಾಗ ಅವ್ವ ಯಾಕೆ ಪತ್ರ ಬರೆದಳು ಎಂದು ನಗಬೇಡ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು 'ಹೂಂನವ್ವಾ, ಆಮ್ಯಾಲ ಮಾಡತೇನಿ' ಅಂತ ಇಟ್ಟೇಬಿಡುತ್ತೀ. ಪತ್ರವನ್ನು ಹಾಗೆ ಇಡಲು ಬರುವುದಿಲ್ಲ. ನೌಕರಿಯುದ್ದಕ್ಕೂ ಸಾಲಿಯ ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸಿದವಳು ನಾನು. ನನ್ನ ಮಗನಿಗೆ ಒಂದು ಪತ್ರವನ್ನು ಪೂರ್ತಿ ಓದಿಸಲಾರೆನೇ?

ಭಾನುವಾರ ನೀನು ಫೋನು ಮಾಡಿದಾಗ ಏನು ಹೇಳಿದೆ, ನೆನಪಿದೆಯೇ? 'ಅವ್ವಾ, ಕಾರು ತಗೊಂಡೇನಿ! ದೀಪಾವಳಿಗೆ ನಾನ ಹೊಡಕೊಂಡು ಬರತೇನಿ, ನಿನ್ನ ಉಳವಿಗೆ ಕರಕೊಂಡು ಹೋಗತೇನಿ. ಅಷ್ಟರಾಗ ಗ್ಯಾರೇಜು ಖಾಲಿ ಮಾಡ್ಸಿಡು. ಅಕೀದು ಹಾಳಮೂಳ ಏನೈತಿ, ಎಲ್ಲಾ ಗುಜರಿಗೆ ಹಾಕು.' ಕಾರಿನ ಸುದ್ದಿ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆದರೆ ನನ್ನ ಕಿವಿ ಮಂದವಾದಾಗಿನಿಂದ ಫೋನಿನ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೇನೆ ಎಂಬುದು ನಿನಗೆ ಗೊತ್ತಿಲ್ಲ. ನೀಲಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ನೀನು ಕೆಟ್ಟವನಲ್ಲ, ಅದು ನನಗೆ ಗೊತ್ತು. ಉಗಾದಿಗೆ ಬಂದಾಗ ಷಟರ್ ಅರ್ಧ ಎತ್ತಿ ಬಗ್ಗಿ ನೋಡಿ 'ಏನಿದು ಸಂತಿ?' ಅಂತ ನಕ್ಕು ಹೋದೆ. ಒಳಗೆ ಕಾಲಿಡಲಿಲ್ಲ. ಅದಕ್ಕೇ ಆ ಹಾಳುಮೂಳಿನಲ್ಲಿ ಏನೇನಿದೆ ಎಂದು ನಾನು ಹೇಳುತ್ತೇನೆ, ಕೇಳು. ಕಿತ್ತೂರಿನಲ್ಲಿ ಹೈವೇ ಬದಿಗೆ ನಿನ್ನ ಮಾವ ಪರಸಪ್ಪನವರು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದರಲ್ಲ, ಅದನ್ನು ಮುಚ್ಚಿದಾಗ ತಮ್ಮ ಸಾಮಾನಿನ ಪೆಟ್ಟಿಗೆಯನ್ನು ಗಂಡುಮಕ್ಕಳಿಗೆ ಕೊಡಲಿಲ್ಲ, ನೀಲಾಗೆ ಕೊಟ್ಟರು. 'ಇದರ ಬೆಲಿ ಗೊತ್ತಿದ್ದಾಕಿ ನೀನ ಒಬ್ಬಾಕಿ' ಅಂದರಂತೆ. ನಟ್ಟು ತಿರುಗಿಸುವ ಪಾನಾಗಳು, ತಂತಿ ಹಿಡಿಯುವ ಪಕ್ಕಡ್, ಹತೋಡಿ, ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್, ಎಲ್ಲ ಅವರದೇ. ಡ್ರಿಲ್ ಮಷೀನು, ಗರಗಸ, ಕಟ್ಟಿಗೆ ನಯ ಮಾಡುವ ರಂದಾ ಇವಳು ಒಂದೊಂದಾಗಿ ಕೂಡಿಸಿಕೊಂಡದ್ದು. ದನದ ಕೊಟ್ಟಿಗೆ ಕೆಡವಿದಾಗ ಉಳಿದ ಹಳೆಯ ಬಾಗಿಲನ್ನು ಮಲಗಿಸಿ, ಕಾಲು ಹಚ್ಚಿ, ಕೆಲಸ ಮಾಡಲು ಬೆಂಚು ಮಾಡಿಕೊಂಡಳು. ಬಾರದ ಕಾರಿಗೆಂದು ನೀನು ಕಟ್ಟಿಸಿದ ಗ್ಯಾರೇಜು ಅಲ್ಲಿಯವರೆಗೆ ಹೆಗ್ಗಣಗಳ ಪಾಲಾಗಿತ್ತು.

ಮನೆಗೆಲಸ, ಹೊಲದ ಉಸ್ತುವಾರಿ ಮುಗಿಸಿ, ಮಧ್ಯಾಹ್ನ ಊರೆಲ್ಲ ಅಡ್ಡಾಗುವ ಹೊತ್ತಿಗೆ ಇವಳು ಸೆರಗು ಸಿಕ್ಕಿಸಿಕೊಂಡು ಷಟರ್ ಎತ್ತುತ್ತಾಳೆ. ಬಚ್ಚಲಿನಲ್ಲಿ ನಾನು ಜಾರಬಾರದೆಂದು ಗೋಡೆಗೆ ಹಿಡಿಕೆ ಕೂಡಿಸಿದ್ದಾಳೆ. ಸಂಡಿಗೆ ಒಣಹಾಕುವ ಚೌಕಟ್ಟಿಗೆ ನಿನ್ನ ಹಳೆಯ ಸೈಕಲ್ಲಿನ ಗಾಲಿ ಹಚ್ಚಿದ್ದಾಳೆ. ಹನಿ ಬಿದ್ದರೆ ನಾನೊಬ್ಬಳೇ ಅದನ್ನು ಒಳಗೆ ಎಳೆದುಕೊಳ್ಳಬಹುದು, 'ಯಾರರ ಬರ್ರಿ' ಅಂತ ಓಣಿ ತುಂಬ ಒದರಬೇಕಾಗಿಲ್ಲ. ಎದುರುಮನೆಯ ರಾಚವ್ವ ಕೆಟ್ಟ ಮಿಕ್ಸರ್ ಹಿಡಿದು ಬಂದವಳು, ಅದು ಗರ್ ಅಂದ ಕೂಡಲೇ 'ಯವ್ವಾ ಸಿದ್ದಲಿಂಗವ್ವಾ, ನಿನ್ನ ಸೊಸಿ ಕೈಯಾಗ ಏನೈತಿ ಅಂತೀನಿ! ಸತ್ತದ್ದು ಎದ್ದು ಕುಂತಿತಲ್ಲs!' ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಏನೂ ಆಗದವಳಂತೆ ಕುಳಿತಿದ್ದೆ, ಒಳಗೊಳಗೇ ಹಿಗ್ಗಿ ಹೀರೇಕಾಯಿ ಆಗಿದ್ದೆ.

ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ನನ್ನ ಲಿಂಗಪೂಜೆಯ ಆಸನದ ಕಥೆ ನಿನಗೆ ಯಾರೂ ಹೇಳಿಲ್ಲ. ಮೊಣಕಾಲು ಕೈಕೊಟ್ಟಾಗಿನಿಂದ ಮಣೆಯ ಮೇಲೆ ಕೂತರೆ ಏಳಲು ಬರುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪೂಜೆ ಮಾಡಿದರೆ ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತ ಕುಂತ ಹಾಗೆ ಅನ್ನಿಸುತ್ತಿತ್ತು. ಮೇಲಾಗಿ ಎಡ ಅಂಗೈಯಲ್ಲಿ ಲಿಂಗ ಹಿಡಿದಾಗ ಕೈ ನಡುಗುತ್ತಿತ್ತು. ಎಲ್ಲಿ ಜಾರಿ ಬೀಳುತ್ತದೋ ಎಂಬ ಅಂಜಿಕೆಯಲ್ಲಿ ಮಂತ್ರ ತಪ್ಪುತ್ತಿತ್ತು. ಇದನ್ನು ಯಾರ ಮುಂದೆ ಹೇಳಲಿ? ಯಾರಿಗೂ ಹೇಳಲಿಲ್ಲ. ಪೂಜೆಯನ್ನೇ ಗಡಬಡಿಸಿ ಮುಗಿಸತೊಡಗಿದ್ದೆ.

ಶ್ರಾವಣದಲ್ಲಿ ಒಂದು ದಿನ ನೋಡುತ್ತೇನೆ, ನನ್ನ ಮಣೆಯ ಕೆಳಗೆ ಎರಡು ಕಡೆ ಒಂದೊಂದು ಇಟ್ಟಿಗೆ. ಮರುದಿನ ಅದರ ಮೇಲೆ ಮತ್ತೊಂದೊಂದು. ನನ್ನ ಮಣೆ ದಿನದಿನಕ್ಕೆ ಎತ್ತರವಾಗುತ್ತಿತ್ತು! 'ಏನ ನಡಸೀಯೇ, ನನ್ನ ಅಟ್ಟಕ್ಕ ಏರಿಸ್ತೀಯೇನ?' ಅಂದರೆ, 'ಸುಮ್ನ ಕುಂತು ಏಳ್ರಿ ಅತ್ತಿ, ನಾ ನೋಡತೇನಿ' ಅಂದಳು. ನಾನು ಗೋಡೆ ಹಿಡಿಯದೆ ಎದ್ದು ನಿಂತ ದಿನ ಇಟ್ಟಿಗೆ ಏರಿಸುವುದನ್ನು ನಿಲ್ಲಿಸಿ, ಟೇಪು ಹಿಡಿದು ಆ ಎತ್ತರ ಅಳೆದುಕೊಂಡು ಹೋದಳು. ಬಡಿಗೇರನಿಗೆ ಹೇಳಿದ್ದರೆ ಪೇಟೆಯ ಕುರ್ಚಿಯ ಅಳತೆಗೆ ಮಾಡಿಕೊಡುತ್ತಿದ್ದ. ಇವಳು ನನ್ನ ಮೊಣಕಾಲನ್ನೇ ಕೇಳಿ ಅಳತೆ ತೆಗೆದುಕೊಂಡಳು. ಈ ಬುದ್ಧಿ ಇವಳಿಗೆ ಎಲ್ಲಿಂದ ಬಂತೋ, ಶಿವನೇ ಬಲ್ಲ.

ದಸರೆ ಇನ್ನೂ ಒಂದು ವಾರ ಇದೆ ಎನ್ನುವಾಗ ಆಸನವನ್ನು ಧೋತರ ಮುಚ್ಚಿ ತಂದು ನನ್ನ ಮುಂದೆ ಇಟ್ಟಳು. ಧೋತರ ತೆಗೆದೆ. ಕುಳಿತುಕೊಳ್ಳುವ ಹಲಗೆಯ ಮೇಲೆ ಕೈಯಾಡಿಸಿದವಳು ಹಾವು ತುಳಿದವಳಂತೆ ಹಿಂದೆ ಸರಿದೆ. ಅದರ ಅಂಚಿನಲ್ಲಿ ಅರ್ಧಕ್ಕೆ ಕೊಯ್ದ ದುಂಡು ತೂತುಗಳಿದ್ದವು. ನಿಮ್ಮಪ್ಪ ಬೀಜ ಬಿತ್ತುತ್ತಿದ್ದ ಕೂರಿಗೆ! ಟ್ರ್ಯಾಕ್ಟರ್ ಬಂದ ಮೇಲೆ ಹಿತ್ತಲಿನಲ್ಲಿ ಒರಗಿಸಿ ಇಟ್ಟಿದ್ದೆವಲ್ಲ, ಹಲ್ಲು ಕೂರಿಸುವ ಅದರ ದಿಂಡನ್ನೇ ಕೊಯ್ದು ಹಲಗೆ ಮಾಡಿದ್ದಳು. 'ಏ ನೀಲಾ, ಬಿತ್ತೂ ಕೂರಿಗಿ ಇದು! ಸೀರಿ ಉಡಿಸಿ, ಬಳಿ ಇಡಿಸಿ, ಉಡಿ ತುಂಬಿದ್ದು! ದಾಟಬಾರದು ಅಂತೀವಿ, ಇದರ ಮ್ಯಾಲೆ ನಾ ಹೆಂಗ ಕುಂದರ್ಲಿ?' ಅಂತ ಕೂಗಿಬಿಟ್ಟೆ.

ಅವಳ ಮುಖ ನೋಡಬೇಕಿತ್ತು. ಅಂಗಡಿ ಇದ್ದ ಮನೆಯಲ್ಲಿ ಬೆಳೆದವಳು. ಮೋಟಾರಿಗೆ ಕುಂಕುಮ ಹಚ್ಚುವುದು ಗೊತ್ತು, ಕೂರಿಗೆಗೆ ಉಡಿ ತುಂಬುವುದನ್ನು ಎಂದೂ ಕಂಡಿರಲಿಲ್ಲ. ಅವಳು ಮದುವೆಯಾಗಿ ಬರುವ ಹೊತ್ತಿಗೆ ನಮ್ಮ ಹೊಲದಲ್ಲೂ ಟ್ರ್ಯಾಕ್ಟರಿನದೇ ಬಿತ್ತನೆ. 'ಮಾವಾರ ಕೈಯಾಗಿಂದು, ಗಟ್ಟಿ ಕಟಗಿ, ನಿಮಗ ಚೊಲೋ ಅನಸ್ತೈತಿ ಅಂತ ಮಾಡಿದ್ನೆರಿ' ಅಂದಳು. ಅಳಲಿಲ್ಲ, ವಾದಿಸಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಆಸನವನ್ನು ಒಮ್ಮೆ ಮಗುಚಿ ನೋಡಿ, 'ಕುಂದರಬ್ಯಾಡ್ರಿ ಅತ್ತಿ. ಎರಡು ದಿನಾ ತಡೀರಿ' ಅಂತ ಎತ್ತಿಕೊಂಡು ಹೋದಳು. ನಾನೂ ಹಿಂದೆ ಹೋದೆ. ಒಂದೂ ಮೊಳೆ ಹೊಡೆದಿರಲಿಲ್ಲ, ಎಲ್ಲ ಸ್ಕ್ರೂ. ಹಲಗೆ ಒಂದಿಷ್ಟೂ ಸೀಳದೆ ಬಿಚ್ಚಿಕೊಂಡಿತು. 'ಬಿಚ್ಚಾಕ ಬರೂಹಂಗ ಮಾಡಬೇಕ್ರಿ ಅತ್ತಿ, ತಪ್ಪಾದ್ರ ತಿದ್ದಾಕ ಬರತೈತಿ ಅಂತ ನಮ್ಮಪ್ಪ ಹೇಳತಿದ್ದ' ಅಂದಳು. ಮಗನೇ, ಆ ಮಾತನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹೊರಳಿಸಿದ್ದೇನೆ.

ಖಂಡೇನವಮಿಯ ಬೆಳಿಗ್ಗೆ ಆಸನ ತಿರುಗಿ ಬಂತು. ಕೂರುವ ಜಾಗಕ್ಕೆ ಈಗ ಬೇವಿನ ಹಲಗೆ. ಕೂರಿಗೆಯ ಕಟ್ಟಿಗೆ ಎಲ್ಲಿ ಹೋಯಿತು ಅಂತೀ? ಎರಡೂ ಬದಿಗೆ ಕೈಯಿಡುವ ಕಡೆ ಬಂದಿತ್ತು! ಎಡಗೈಯದನ್ನು ಒಂದಿಷ್ಟು ಅಗಲ ಮಾಡಿ, ಮೊಣಕೈ ಕೂರುವಂತೆ ತುಸು ತಗ್ಗು ತೆಗೆದಿದ್ದಳು. ನಡುಗುವ ಕೈಯನ್ನು ನಾನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೆ, ಅವಳು ಅದನ್ನೂ ನೋಡಿದ್ದಳು. ಬಲಬದಿಗೆ ವಿಭೂತಿ, ಪತ್ರಿ ಇಡಲು ಒಂದು ಸಣ್ಣ ಹಲಗೆ. 'ಕೂರಿಗಿ ಕೈಯಾಗ ಹಿಡಿಯೂದಲ್ಲೇನ್ರಿ ಅತ್ತಿ? ಈಗ ಹಿಡೀರಿ' ಅಂದಳು. ನಿಮ್ಮಪ್ಪ ನಿಜಗುಣಪ್ಪ ವರ್ಷವರ್ಷವೂ ಹಿಡಿದು ಬಿತ್ತಿದ ಕೂರಿಗೆಯ ಕಟ್ಟಿಗೆ ಅದು. ಅದರ ಮೇಲೆ ಮೊಣಕೈ ಊರಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೆ. ಕೈ ನಡುಗಲಿಲ್ಲ, ವಿರೂಪಾಕ್ಷಾ. ಮಂತ್ರ ತಪ್ಪಲಿಲ್ಲ. ಪೂಜೆ ಮುಗಿದ ಮೇಲೂ ಏಳಬೇಕೆನಿಸಲಿಲ್ಲ, ಕಣ್ಣೀರು ಇಳಿದರೂ ಒರೆಸಿಕೊಳ್ಳದೆ ಕೂತಿದ್ದೆ. ಆ ದಿನ ಗ್ಯಾರೇಜಿನಲ್ಲಿ ಅವಳ ಸಾಮಾನಿಗೆಲ್ಲ ನಾನೇ ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆಸಿದೆ.

ಇದಾದ ನಾಲ್ಕೇ ದಿನಕ್ಕೆ ನಿನ್ನ ಫೋನು ಬಂತು. ಸೋಮವಾರ ಮಧ್ಯಾಹ್ನ ಹೋಗಿ ನೋಡಿದರೆ ಅವಳು ಗೋಡೆಯ ಮೇಲಿನ ಪಾನಾ, ಪಕ್ಕಡ್ ಎಲ್ಲ ಇಳಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದಳು. ಬೆಂಚಿನ ಕಾಲಿನ ಸ್ಕ್ರೂ ಬಿಚ್ಚುತ್ತಿದ್ದಳು. ಎಲ್ಲವೂ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ಹಾಗೆ ಮಾಡಿದವಳೇ ಅವಳಲ್ಲವೇ! 'ಏನs ಇದು?' ಅಂದೆ. 'ಅವರು ಹೇಳ್ಯಾರಲ್ರಿ, ಕಾರು ಬರತೈತಿ' ಅಂದಳು. 'ಅವಗೊಂದು ಮಾತು ಹೇಳಬಾರದೇನ ನೀನು?' ಅಂತ ರೇಗಿದೆ. ತಲೆ ಎತ್ತದೆ, 'ಕೇಳಿದ್ರ ಹೇಳತಿದ್ನೆರಿ' ಅಂದಳು. ನೋಡು, ಅಷ್ಟೇ ಅಂದದ್ದು. ನಿನ್ನನ್ನು ದೂರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಎಂದಿನಂತೆ ನನಗೆ ಬಿಸಿ ರೊಟ್ಟಿ ಹಾಕಿದಳು, ತಾನು ಅರ್ಧ ರೊಟ್ಟಿ ತಿಂದು ಎದ್ದಳು.

ನೀನು ಅಷ್ಟೆತ್ತರದಲ್ಲಿ ಕೂತು ಹಡಗಿನ ಪೆಟ್ಟಿಗೆಗಳನ್ನು ಹೂವಿನಂತೆ ಇಳಿಸುತ್ತೀ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ನಿನ್ನ ಹೆಂಡತಿಯ ಬಗ್ಗೆಯೂ ಹೇಳಿಕೊಂಡು ತಿರುಗುತ್ತೇನೆ. ನೀನೊಬ್ಬನೇ ಅದನ್ನು ಕೇಳಿಲ್ಲ, ದೂರದಲ್ಲಿದ್ದೀ. ಈಗ ಕೇಳಿದೆಯಲ್ಲ.

ಹೊತ್ತುಹೊತ್ತಿಗೆ ಊಟ ಮಾಡು, ಕೆಮ್ಮಿಗೆ ಮೆಣಸಿನ ಕಷಾಯ ಕುಡಿ. ಅಲ್ಲಿಂದ ಇಲ್ಲಿಯವರೆಗೆ ಒಬ್ಬನೇ ಕಾರು ಹೊಡೆಯುವವನು ನಿದ್ದೆ ಬಂದಲ್ಲಿ ನಿಲ್ಲಿಸಿ ಮಲಗು, ಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಶಿವನು ನಿನ್ನ ಕೈಗೂ ಕಣ್ಣಿಗೂ ಬಲ ಕೊಡಲಿ. ರಾಚವ್ವ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ನಿನ್ನ ದಾರಿ ನೋಡುವ ಅವ್ವ,
ಸಿದ್ದಲಿಂಗವ್ವ

ತಾ. ಕ.: ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಗ್ಯಾರೇಜು ಖಾಲಿಯಾಗುವುದಿಲ್ಲ. ಮಂಗಳವಾರದಿಂದ ನನ್ನ ಲಿಂಗಪೂಜೆ ಅಲ್ಲೇ ನಡೆದಿದೆ. ಆಸನವನ್ನು ಷಟರಿನ ನಟ್ಟನಡುವೆ ಹಾಕಿಸಿಕೊಂಡಿದ್ದೇನೆ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ನಿನ್ನ ಕಾರು ಒಳಗೆ ಬರಬೇಕೆಂದರೆ ಮೊದಲು ನಿಮ್ಮವ್ವನನ್ನೂ ನಿಮ್ಮಪ್ಪನ ಕೂರಿಗೆಯನ್ನೂ ಎತ್ತಿ ಹೊರಗಿಡು. ಗೋಣಿಚೀಲಗಳನ್ನು ನಾನೇ ಬಿಚ್ಚಿದೆ. ಯಾವುದು ಎಲ್ಲಿಯದೆಂದು ತಿಳಿಯದೆ ಎಲ್ಲವನ್ನೂ ಅದಲುಬದಲು ತೂಗುಹಾಕಿದ್ದು ನೋಡಿ ನೀಲಾ ನಕ್ಕಳು, ಭಾನುವಾರದ ನಂತರ ಮೊದಲ ಸಲ. ಕಾರಿಗೆ ಬೇವಿನ ಗಿಡದ ಮಗ್ಗುಲಲ್ಲಿ ತಗಡಿನ ನೆರಳು ಮಾಡಲು ಜಾಗವಿದೆ. ಆದರೆ ಮಾಡುವವಳು ಅವಳು. ಮಾಡು ಎಂದು ಹೇಳಬೇಡ, ಮಾಡಿಕೊಡುತ್ತೀಯಾ ಎಂದು ಕೇಳು. ಕಾರಿನ ಉದ್ದ, ಅಗಲ, ಎತ್ತರ ಅಳೆದು ಅವಳ ಹೆಸರಿಗೇ ಬರೆ, ನನಗಲ್ಲ.