ಬಾಣ ಯಾಕೆ ಬೇಕು?

೧೩ ನವೆಂಬರ್ ೨೦೨೫, ಗುರುವಾರ. ನರೋಣಾ.

ಪಕ್ಕದ ಮನೆಯ ಕೈನಾತಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಅವಳು ಬಿಸಿಎ ಓದುತ್ತಾಳೆ. ಸಂಜೆ ಆಳಂದದ ಬಸ್ಸಿಳಿದು ಬಂದು, ಕಾಲೇಜಿನಲ್ಲಿ ಕಲಿತದ್ದನ್ನು ನನಗೂ ಹೇಳಿಕೊಡುತ್ತಾಳೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಕೇಳಲು ಬೇರೆ ಯಾರೂ ಇಲ್ಲ. ಇವತ್ತು ಲಿಂಕ್ಡ್ ಲಿಸ್ಟ್, ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಒಂದಕ್ಕೊಂದು ಕೊಂಡಿ ಹಾಕಿ ಇಡುವ ಪಟ್ಟಿ. ಅಂಗಳದ ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಡಬ್ಬಿಗಳನ್ನು ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದಳು. ಕಂಪ್ಯೂಟರಿನೊಳಗೂ ಅವು ಹೀಗೆಯೇ ಪಕ್ಕಪಕ್ಕ ಕೂತಿರುತ್ತವಂತೆ.

“ಬಾಜೂಕೇ ಕೂತಾವಂದ್ರ ಬಾಣ ಯಾಕ ಬೇಕಬೇ?” ಎಂದೆ.

“ಪುಸ್ತಕದಾಗ ಹಂಗೇ ಅದ.”

“ಯಾಕಂತ ಕೇಳಾಕತ್ತೇನಿ.”

“ಯಾಕಂತ ಪರೀಕ್ಷಾದಾಗ ಯಾರೂ ಕೇಳಂಗಿಲ್ಲ. ಚಿತ್ರ ತಗದ್ರ ಮಾರ್ಕ್ಸ್ ಬರ್ತಾವ. ನೀ ಏನ್ ಪರೀಕ್ಷಾಕ್ಕ ಕೂಡಾಕಿ ಅದೀಯೇನು? ದೊಡ್ಡ ಸೈಂಟಿಸ್ಟ್ ಬಂದಾಳ ನೋಡು!”

ಕೈಗೆ ಸಿಕ್ಕ ಸೀಮೆಸುಣ್ಣ ಎಸೆದು ಎದ್ದುಬಂದೆ. ಉತ್ತರ ನನಗೂ ಗೊತ್ತಿಲ್ಲ, ಗೊತ್ತಿದ್ದರೆ ಕೇಳುತ್ತಿರಲಿಲ್ಲ. ಅವಳ ಕ್ಲಾಸಿನವರೆಲ್ಲ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡುತ್ತಾರಂತೆ. ಒಂದು ಸಾಲು ಮರೆತರೆ ಮತ್ತೆ ಮೊದಲಿನಿಂದ, ಪದ್ಯ ಒಪ್ಪಿಸಿದ ಹಾಗೆ. ಈ ಒಪ್ಪಿಸುವ ಕಾಟಕ್ಕೇ ನಾನು ಶಾಲೆ ಬಿಟ್ಟದ್ದು. ಈಗ ಅದು ಅವಳ ಹಿಂದೆಯೇ ಬಸ್ಸಿಳಿದು ನಮ್ಮ ಅಂಗಳಕ್ಕೂ ಬಂದಿದೆ.

ಇನ್ನು ಅವಳ ಮುಖ ನೋಡಬಾರದು ಎಂದುಕೊಂಡೆ. ಹಾಗಾದರೆ ಯಾರನ್ನು ಕೇಳಲಿ? ಅವಳೆದುರು ದಿನವೂ ಸರ್ ನಿಂತಿರುತ್ತಾರೆ, ಕೈ ಎತ್ತಿದರೆ ಸಾಕು. ಬೆಳಿಗ್ಗೆ ಬಸ್ಸಿನ ಬಾಗಿಲಿಗೇ ಅಡ್ಡ ನಿಂತು, ಕೇಳಿಕೊಂಡು ಬಾ ಎನ್ನುತ್ತೇನೆ. ನಾಚಿಕೆಯಾದರೆ, ನರೋಣಾದಲ್ಲಿ ಒಬ್ಬಳು ಹುಚ್ಚಿ ಕೇಳಿದ್ದಾಳೆ ಎಂದು ಹೇಳಲಿ. ಉತ್ತರ ತಾರದೆ ಬಂದರೆ ಮಾತ್ರ ನಮ್ಮ ಅಂಗಳಕ್ಕೆ ಕಾಲಿಡಲು ಬಿಡುವುದಿಲ್ಲ.