ಕಾರು ಗ್ಯಾರೇಜಿಗೆ, ನೀನು ಜೀಪಿಗೆ

ತಮ್ಮಾ ಯಾದಮ್,

ಎದ್ದ ಕೂಡಲೇ ಅಂಗಳದಲ್ಲಿ ಕಾರು ಇಲ್ಲವೆಂದು ಕೂಗಾಡಬೇಡ. ನಾನೇ ಗ್ಯಾರೇಜಿಗೆ ಒಯ್ದಿದ್ದೇನೆ. ಅಪ್ಪನನ್ನು ನೋಡಲು ನಾವಿಬ್ಬರೂ ಅದರಲ್ಲಿ ಹೋಗುವುದು ಬೇಡ.

ನಿನ್ನೆಯೇ ಹೇಳಲು ಬಾಯಿ ತೆರೆದೆ. "ದಾರಿಗಿಳಿಯೋ ಹುಡುಗನ ಮುಂದೆ ಅಪಶಕುನ ಆಡ್ಬೇಡ ಕಣೇ" ಎಂದು ಅಜ್ಜಿ ಗದರಿದಳು. ಅದಕ್ಕೇ ಬರೆದಿಡುತ್ತಿದ್ದೇನೆ.

ಸಿಗ್ನಲ್ಲಿನಲ್ಲಿ ಇಂಜಿನ್ ತಾನಾಗಿ ಸುಮ್ಮನಾಗುವುದು ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಕಾರಿನ ಗುಣ, ಅದಕ್ಕೆ ನಾನು ಹೆದರುವವಳಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಜ್ವರ ಬಂದವರಂತೆ ನಡುಗಿ ನಿಂತುಬಿಡುತ್ತದಲ್ಲ, ಅದು ಬೇರೆ. "ಚಳಿಗೆ ಅದೂ ಕೆಮ್ಮತ್ತೆ, ಬಿಡಕ್ಕ" ಅಂತ ನೀನು ನಕ್ಕೆ. ಇಂಜಿನ್ ಕಾಯದಂತೆ ಮೊನ್ನೆ ತುಂಬಿದ ಕೂಲೆಂಟ್ ನೀರು ಮತ್ತೆ ತಳಕ್ಕಿಳಿದಿದೆ. ಕೆಳಗೆ ಹಿಮದ ಮೇಲೆ ಒಂದು ಹನಿಯೂ ಸೋರಿಲ್ಲ. ಅಂದರೆ ಅದು ಇಂಜಿನ್ನಿನೊಳಕ್ಕೇ ಹೋಗುತ್ತಿದೆ. ಅಪ್ಪನ ಊರಿಗೆ ಹೋಗುವ ಅರ್ವೈಖೇರ್ ದಾರಿಯ ಬಯಲಲ್ಲಿ ಕಾರು ನಿಂತರೆ, ಯಾರಾದರೂ ಬರುವವರೆಗೆ ಈ ಚಳಿ ನಮ್ಮನ್ನು ಉಳಿಸುವುದಿಲ್ಲ.

ಪಕ್ಕದ ಮನೆಯ ದಮ್ದಿನಣ್ಣ ಜೀಪಿನಲ್ಲಿ ಆ ಕಡೆಗೇ ಹೊರಟಿದ್ದಾರೆ. ಒಂದೇ ಜಾಗ ಉಳಿದಿತ್ತು, ನಿನಗೆಂದು ಹಿಡಿದಿಟ್ಟಿದ್ದೇನೆ. ಅಪ್ಪ ನಿನ್ನ ಹೆಸರು ಹಿಡಿದೇ ಕೇಳುತ್ತಿದ್ದಾನಂತೆ. ಕುರಿಚರ್ಮದ ಕೋಟು ಹಾಕಿಕೋ, ಶೋಕಿ ಜಾಕೆಟ್ಟು ಬೇಡ. ಒಲೆಯ ಮೇಲೆ ಮಾಂಸದ ಸಾರಿದೆ, ಕುಡಿದೇ ಹೋಗು.

ನಾನು ನಾಳಿನ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಅಪ್ಪ ಇರುತ್ತಾನೋ ಇಲ್ಲವೋ, ಫೋನಿನಲ್ಲಿ ದೊಡ್ಡಪ್ಪನ ದನಿ ನೀನೂ ಕೇಳಿದೆಯಲ್ಲ.

ಹಿರಿಯರ ರೂಢಿಯಂತೆ ಅಪ್ಪ ನಿನ್ನ ಹಣೆ ಮೂಸಿ ಹರಸಿದ ಮೇಲೆ, ಇನ್ನೊಂದು ಸಲ ಮೂಸಲು ಹೇಳು. ಅದು ನನ್ನದು.

ಅಕ್ಕ