ಕೇಳುಗಂಬದ ಕೊನೆಯ ಮನುಷ್ಯ

ಹುಬ್ಬಳ್ಳಿ–ಧಾರವಾಡ ಮಹಾನಗರ
ಬಿಡುವುಮಾಸದ ಮೂವತ್ತೆರಡನೆಯ ದಿನ, 2214

ಎಂದೋ ಆಗಿಹೋದ ಹಿರಿಯರೇ,

ಇದೆಂಥ ತಿಂಗಳು ಎಂದು ಹುಬ್ಬೇರಿಸಬೇಡಿ. ಹಬ್ಬಗಳು ಹೆಚ್ಚಾಗಿ ಹನ್ನೆರಡು ತಿಂಗಳು ಸಾಲದೆ ನಮ್ಮ ಆಡಳಿತದವರು ಸೇರಿಸಿಕೊಂಡದ್ದು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ; ನೀವು ಕಾಣದ ವಸ್ತುಗಳಿಗೆ ನಿಮ್ಮ ಮಾತು ಸಾಲದು. ನಾನು ನೀಲವ್ವ. ನನ್ನ ಗಂಡ ಕಲ್ಮೇಶನ ವಿಷಯ ಹೇಳಬೇಕಾಗಿದೆ. ಇಲ್ಲಿ ಹೇಳೋಣವೆಂದರೆ ಕೇಳುವವರಿಲ್ಲ, ಎಲ್ಲರೂ ಸುಖವಾಗಿದ್ದಾರೆ.

ಇಲ್ಲಿ ಹಸಿವಿಲ್ಲ. ಬೆಳಗಾದರೆ ಗೋಡೆಯ ಗೂಡಿಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ತಾವೇ ಬಂದು ಕೂರುತ್ತವೆ. ದುಡಿಮೆಯೆಲ್ಲ ಯಂತ್ರಗಳದು. ಆದರೂ ಕೆಲಸ ಬೇಕೆನ್ನುವವರಿಗಾಗಿ ಚೆನ್ನಮ್ಮ ಸರ್ಕಲ್‌ನಲ್ಲಿ ಒಂದು ಕೇಳುಗಂಬ ನಿಲ್ಲಿಸಿದ್ದಾರೆ. ಅದರ ಮೇಲೆ ಅಂಗೈ ಊರಿ “ಕೆಲಸ ಐತೇನ್ರಿ?” ಎಂದು ಕೇಳಬೇಕು. ಅದು “ನಾಳೆ ಬನ್ನಿ” ಎನ್ನುತ್ತದೆ. ಹಿಂದೆ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಂತೆ. ನಮ್ಮವರು ಅದನ್ನೇ ಮನುಷ್ಯರಿಗೆ ಹೇಳಿದರು, ಬಹುವಚನ ಹಚ್ಚಿ.

ಕಂಬ ಮುಟ್ಟಿದವರಷ್ಟೇ ನಿರುದ್ಯೋಗಿಗಳು. ಮುಟ್ಟುವುದನ್ನು ಬಿಟ್ಟವರಿಗೆ ‘ನೆಮ್ಮದಿವಂತರು’ ಎಂದು ಹೆಸರು. ದಿನಾ ಮುಟ್ಟಿದವರ ಲೆಕ್ಕ ಸರ್ಕಲ್‌ನ ದೊಡ್ಡ ಫಲಕದ ಮೇಲೆ ಬೀಳುತ್ತದೆ. ಕೇಳಿ ಕೇಳಿ ಸಾಕಾದವರು ಒಬ್ಬೊಬ್ಬರೇ ಮನೆಯಲ್ಲಿ ಕುಳಿತರು. ನಿರುದ್ಯೋಗ ಇಳಿಯಿತೆಂದು ಆಡಳಿತದವರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಕೊನೆಗೆ ಫಲಕದ ಮೇಲೆ ಒಂದು ಎಂಬ ಅಂಕಿ ಉಳಿಯಿತು. ಅದು ಕಲ್ಮೇಶ.

ಅವನದು ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಕೆಲಸ. ಕಡೆಯ ವರ್ಕ್‌ಶಾಪ್ ಮುಚ್ಚಿ ವರ್ಷಗಳಾಗಿದ್ದರೂ ದಿನಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಹೊರಡುತ್ತಿದ್ದ. ನಾನು ಬುತ್ತಿ ಕಟ್ಟುತ್ತಿದ್ದೆ. ಊಟದ ಹೊತ್ತಿಗೆ ಮೊದಲೇ ಮರಳುತ್ತಾನೆಂದು ಇಬ್ಬರಿಗೂ ಗೊತ್ತು. ಆದರೂ ಅಕಸ್ಮಾತ್ ಇವತ್ತೇ ಕರೆದುಬಿಟ್ಟರೆ ಹಸಿದುಕೊಂಡು ದುಡಿಯಬಾರದಲ್ಲ.

ಓಣಿಯವರು ಮೊದಲು ನಕ್ಕರು. ಫಲಕ ಸೊನ್ನೆಗಿಳಿದ ದಿನ ‘ಸೊನ್ನೆಹಬ್ಬ’ವೆಂದು ಆಡಳಿತ ಸಾರಿದ ಮೇಲೆ ಮನೆಗೇ ಬಂದರು. “ನಿನ್ ಒಬ್ಬನ ಸಲುವಾಗಿ ಊರ ಹಬ್ಬ ನಿಂತೈತಿ ನೋಡಪಾ,” ಎಂದು ಎದುರುಮನೆಯ ರುದ್ರವ್ವ ಕಣ್ಣೀರು ಹಾಕಿದಳು. ಅವಳ ಮೊಮ್ಮಕ್ಕಳಿಗೆ ದೀಪ ನೋಡುವ ಆಸೆ. ಅವನು ಮೆತ್ತನೆಯ ಮನುಷ್ಯ. ಮರುದಿನ ಸ್ನಾನ ಮಾಡಿದ, ಅಂಗಿ ತೊಟ್ಟ, ಹೊಸ್ತಿಲ ಮೇಲೆ ಕುಳಿತುಬಿಟ್ಟ.

ಸಂಜೆ ಊರೆಲ್ಲ ದೀಪ. ಮನೆಮನೆಗೂ ಹೋಳಿಗೆ ಬಂತು. ಅವನು ಒಂದು ತುಂಡು ಮುರಿದು ಕೈಯಲ್ಲೇ ಹಿಡಿದಿದ್ದ. “ನೀಲಾ, ನಾ ಇಲ್ಲ ಅಂತ ಹೋಳಿಗಿ ಹಂಚಾಕತ್ತಾರಲ್ಲ,” ಎಂದ. ಆಮೇಲೆ ಅವನು ಯಾರನ್ನೂ ಏನನ್ನೂ ಕೇಳಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಕೇಳಲಿಲ್ಲ. ದಸರೆಗೆ ಮುಂಚೆ ತೀರಿಕೊಂಡ. ರೋಗವೇನೂ ಇರಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ನಿರುದ್ಯೋಗ ಇಳಿಯಿತೆಂದು ಪೇಪರಿನಲ್ಲಿ ಓದಿದಾಗ, ಅವರೆಲ್ಲ ಕೆಲಸಕ್ಕೆ ಹೋದರೋ, ಕೇಳುವುದನ್ನೇ ಬಿಟ್ಟರೋ, ವಿಚಾರಿಸಿ. ಬಾಗಿಲಿಗೆ ಬಂದು ಕೆಲಸ ಕೇಳಿದವನಿಗೆ ಇಲ್ಲವೆನ್ನಿ, ಅಡ್ಡಿಯಿಲ್ಲ. ಹೆಸರು ಕೇಳಿ ಆಮೇಲೆ ಇಲ್ಲವೆನ್ನಿ. ಆ ಕಂಬ ನನ್ನ ಗಂಡನ ಹೆಸರನ್ನು ಒಮ್ಮೆಯೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಾನೇ ಸರ್ಕಲ್‌ಗೆ ಹೋಗಿ ಅಂಗೈ ಊರಿದೆ. ಫಲಕದ ಮೇಲೆ ಮತ್ತೆ ಒಂದು ಬಂತು. ರುದ್ರವ್ವ ಓಡಿಬಂದು ಬೈದಳು. ಬೈಯಲಿ. ಕಂಬ ನಾಳೆ ಬನ್ನಿ ಎಂದಿದೆ, ಹೋಗುತ್ತೇನೆ. ಆ ಒಂದು ಅಲ್ಲಿರುವವರೆಗೆ ಕಲ್ಮೇಶ ಊರಲ್ಲಿದ್ದಾನೆ.

ನಿಮ್ಮ
ನೀಲವ್ವ